ಬಿರುದುಗಳ ಊರು, ಗವಾಯಿಗಳ ಊರು

ಹುಬ್ಬಳ್ಳಿಯಿಂದ ಮೂಡಣ ದಿಕ್ಕಿಗೆ ಹೊರಟ ರೈಲುಗಾಡಿ ಅಣ್ಣಿಗೇರಿಯನ್ನು ದಾಟಿತೆಂದರೆ ಕಿಟಕಿಯ ಎರಡು ಕಡೆಗೂ ಎರೆಭೂಮಿಯ ಕಪ್ಪು ಹಾಸು ಬಿಚ್ಚಿಕೊಳ್ಳುವುದು. ಕಣ್ಣಿಗೆ ಅಡ್ಡವಾಗುವ ಮರಗಳು ವಿರಳ. ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಕಡಲೆ ಮತ್ತು ಬಿಳಿಜೋಳ, ನಡುನಡುವೆ ಹತ್ತಿ. ಬಹಳ ಹೊತ್ತಿನ ಮೇಲೆ ದಕ್ಷಿಣದ ಅಂಚಿನಲ್ಲಿ ನೀಲಿಯ ಗೆರೆಯೊಂದು ಮೇಲೇಳುವುದು. ಅದು ಕಪ್ಪತಗುಡ್ಡ. ಆ ಗೆರೆ ಕಂಡಿತೆಂದರೆ ಗದುಗು ಬಂದಿತೆಂದೇ ಲೆಕ್ಕ. ಪ್ರಯಾಣಿಕರು ಗಂಟುಮೂಟೆಗಳನ್ನು ಇಳಿಸತೊಡಗುವರು, ಹೆಂಗಸರು ಮಕ್ಕಳ ತಲೆ ಸವರಿ ಎಬ್ಬಿಸುವರು.

ಈ ಊರಿಗೆ ಹೆಸರುಗಳ ಬರವೆಂಬುದು ಎಂದೂ ಬಂದಿಲ್ಲ. ಹಳೆಯ ಶಾಸನಗಳಲ್ಲಿ ಇದು ಕ್ರತುಕ. ಪಂಡಿತರ ಬಾಯಲ್ಲಿ ಕೃತಪುರ. ಜನರ ನಾಲಗೆಯ ಮೇಲೆ ಉರುಳಿ ಉರುಳಿ ಗದುಗು, ಸರಕಾರದ ಕಾಗದಪತ್ರಗಳಲ್ಲಿ ಗದಗ. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ, ಮರಾಠಿ ನಾಟಕಗಳ ಭರಾಟೆಯ ಎದುರು ಸಕ್ಕರಿ ಬಾಳಾಚಾರ್ಯರು (ನಾಡು ಅವರನ್ನು ಶಾಂತಕವಿಗಳೆಂದೇ ಬಲ್ಲದು) ಕನ್ನಡದ ಆಟ ಹೂಡಿದಾಗ ತಮ್ಮ ಮಂಡಳಿಯ ಹೆಸರಿನಲ್ಲಿ ಆ ಹಳೆಯ ಕೃತಪುರವನ್ನೇ ಸೇರಿಸಿಕೊಂಡರು. ಶಾಸನದ ಕಲ್ಲಿನಲ್ಲಿ ಮಲಗಿದ್ದ ಹೆಸರು ಹೀಗೆ ನಾಟಕದ ಪರದೆಯ ಮೇಲೆ ಮತ್ತೆ ಎದ್ದು ನಿಂತಿತು.

ಇದು ಸಾಲದೆಂಬಂತೆ ಬಿರುದುಗಳು ಬೇರೆ. ಗದಗ ಮತ್ತು ಬೆಟಗೇರಿಗಳು ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದ್ದರಿಂದ ‘ಅವಳಿ ನಗರ’. ಶಾಸನಗಳ ಬಟ್ಟಕೆರೆಯೇ ಇಂದಿನ ಬೆಟಗೇರಿ. ಅಲ್ಲಿ ಸಾಲುಸಾಲಾಗಿ ನಿಂತ ವೀರಗಲ್ಲುಗಳನ್ನೂ, ಓಣಿಗಳಲ್ಲಿ ಕೈಮಗ್ಗದ ಲಟಪಟ ಸದ್ದನ್ನೂ ಕಂಡುಕೇಳಿದವರಿಗೆ ಅವಳಿಗಳಲ್ಲಿ ಅಕ್ಕನಾರು, ತಂಗಿಯಾರು ಎಂಬ ಸಂಶಯ ಬಾರದಿರದು. ಆದರೂ ಮಾತಿನ ಭರದಲ್ಲಿ ಎರಡನ್ನೂ ಸೇರಿಸಿ ‘ಗದಗ’ವೆಂದು ಬಿಡುವರು. ಬೆಟಗೇರಿಯವರು ಇದನ್ನು ನಗುತ್ತಲೇ ಸಹಿಸುತ್ತ ಬಂದಿರುವರು, ನಗುವಿನ ಹಿಂದೆ ಕೊಂಚ ಮುನಿಸೂ ಇದ್ದೀತು. ಊರಿಗೆ ಹೊಂದಿಕೊಂಡ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅಂದಿನಿಂದ ‘ಸಹಕಾರ ಚಳವಳಿಯ ತೊಟ್ಟಿಲು’ ಎಂಬುದೂ ಗದುಗಿನ ಪಾಲಿಗೆ ಬಂದಿತು.

ಎಲ್ಲಕ್ಕಿಂತ ಹೆಚ್ಚು ಮೆರೆದ ಬಿರುದು ‘ಮುದ್ರಣ ಕಾಶಿ’. ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಈ ಊರಿನ ಮುದ್ರಣಾಲಯಗಳು ಹಗಲಿರುಳೆನ್ನದೆ ದುಡಿದವು. ಶಾಲೆಯ ಪಠ್ಯಪುಸ್ತಕ, ನಿಘಂಟು, ಪಂಚಾಂಗ, ಪುರಾಣ, ಭಜನೆಯ ಹಾಡು, ಕಂಪನಿ ನಾಟಕ, ಲಾವಣಿ, ಬಯಲಾಟದ ಪ್ರತಿ. ಶಾಬಾದಿಮಠ, ಸಂಕೇಶ್ವರ ಎಂಬ ಹೆಸರುಗಳನ್ನು ಪುಸ್ತಕದ ಮೊದಲ ಹಾಳೆಯಲ್ಲಿ ಓದಿ ಅಕ್ಷರ ಕಲಿತವರು ಉತ್ತರ ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟು. ಜಾತ್ರೆಯ ಅಂಗಡಿಯಲ್ಲಿ ಬತ್ತಾಸು, ಬಳೆಗಳ ಪಕ್ಕದಲ್ಲಿಯೇ ಗದುಗಿನ ಪುಸ್ತಕಗಳೂ ಹರವಿಕೊಂಡಿರುತ್ತಿದ್ದವು. ಈ ಬಿರುದು ಹುರುಳಿಲ್ಲದ್ದೆಂದು ಹೇಳಲು ಯಾರಿಗೂ ಬಾಯಿ ಬಾರದು.

ಆದರೂ ಕನ್ನಡ ನಾಡಿನಲ್ಲಿ ಕಾಶಿಗಳಿಗೇನು ಕೊರತೆ? ದಕ್ಷಿಣಕಾಶಿಗಳೇ ಹತ್ತಾರಿವೆ. ಭಾಷಣದ ವೇದಿಕೆಯಲ್ಲಿ ಹುಟ್ಟಿದ ಬಿರುದು ಸ್ವಾಗತ ಕಮಾನಿನ ಮೇಲೆ ಬಣ್ಣ ಮಾಸುವವರೆಗೆ ಬಾಳುವುದುಂಟು. ಜನರು ತಾವಾಗಿ ಇಟ್ಟ ಹೆಸರಿನ ಹಣೆಬರಹ ಬೇರೆ. ಅದಕ್ಕೆ ಕಮಾನು ಬೇಕಿಲ್ಲ. ರಾಯಚೂರಿನ ಸಂತೆಯಲ್ಲೋ ದಾವಣಗೆರೆಯ ಬಸ್ಸು ನಿಲ್ದಾಣದಲ್ಲೋ ಗದುಗಿನವನೊಬ್ಬನನ್ನು “ಯಾವೂರ್ರೀ ನಿಮ್ಮದು?” ಎಂದು ಕೇಳಿ, “ಗದಗರೀ” ಎಂಬ ಉತ್ತರ ಬಂದರೆ, ಮರುಮಾತು ಅಚ್ಚುಕೂಟದ ವಿಷಯವಾಗಿರದು. “ಹೌದೇನ್ರೀ? ಹಂಗಾರ ಅಜ್ಜಾರ ಊರಿನವ್ರು ಅನ್ರಿ!”

ಅಜ್ಜಾರೆಂದರೆ ಪುಟ್ಟರಾಜ ಗವಾಯಿಗಳು. ಹಳ್ಳಿಗರ ಪಾಲಿಗೆ ಪುಟ್ಟಯ್ಯಜ್ಜ. ವಿಚಿತ್ರವೆಂದರೆ ಗದುಗನ್ನು ಇಷ್ಟೊಂದು ತನ್ನದಾಗಿ ಮಾಡಿಕೊಂಡ ಈ ಹಿರಿಯರು ಗದುಗಿನಲ್ಲಿ ಹುಟ್ಟಿದವರೇ ಅಲ್ಲ. ಇಲ್ಲಿಯವನೇ ಎನಿಸಿಕೊಂಡ ಇನ್ನೊಬ್ಬ ಹಾಡುಗಾರನು ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋದವನು. ಗದುಗಿನ ಕಥೆಯನ್ನು ಹೇಳಬೇಕಾದರೆ ಹೋದ ಹುಡುಗನಿಂದಲೇ ಆರಂಭಿಸಬೇಕು.

ಗಾಯಕರ ಲೋಕದಲ್ಲಿ ಊರಿನ ಹೆಸರೇ ಮನೆತನದ ಹೆಸರಾಗುವ ವಾಡಿಕೆ ಹಳೆಯದು. ಸವಾಯಿ ಗಂಧರ್ವರು ರಾಮಭಾವು ಕುಂದಗೋಳಕರರು. ಗಂಗೂಬಾಯಿಯವರು ಹಾನಗಲ್ಲಿನವರು, ಮಲ್ಲಿಕಾರ್ಜುನರು ಮನಸೂರಿನವರು. ಭೀಮಸೇನ ಜೋಶಿಯವರು ಮಾತ್ರ ಕೊನೆಯವರೆಗೆ ಬರಿಯ ಜೋಶಿಯಾಗಿಯೇ ಉಳಿದರು. ೧೯೨೨ರ ಫೆಬ್ರುವರಿ ೪ರಂದು ಅವರು ಹುಟ್ಟಿದ್ದು ರೋಣದಲ್ಲಿ ಎನ್ನುವರು ಕೆಲವರು, ಗದುಗಿನಲ್ಲಿ ಎನ್ನುವರು ಹಲವರು. ಎರಡೂ ಇಂದು ಒಂದೇ ಜಿಲ್ಲೆಯ ಊರುಗಳಾದ್ದರಿಂದ ವ್ಯಾಜ್ಯ ಮನೆಯೊಳಗಿನದು. ತಂದೆ ಗುರುರಾಜ ಜೋಶಿಯವರು ಶಾಲೆಯ ಮಾಸ್ತರರು, ತಾಯಿ ಗೋದಾವರಿಬಾಯಿಯವರು ಭಜನೆ ಹಾಡುವವರು.

ಮಗುವಿಗೆ ಸಂಗೀತದ ಹುಚ್ಚು ಎಳವೆಯಿಂದಲೇ. ಬೀದಿಯಲ್ಲಿ ಭಜನೆಯ ಮೇಳವೋ ವಾಜಂತ್ರಿಯವರ ಮೆರವಣಿಗೆಯೋ ಹೊರಟರೆ ಅದರ ಬೆನ್ನು ಹತ್ತಿ ನಡೆದುಬಿಡುವುದು. ಕಾಲು ಸೋತಲ್ಲಿ ಮಲಗಿ ನಿದ್ದೆ ಹೋಗುವುದು. ಮನೆಯವರು ಊರೆಲ್ಲ ಹುಡುಕಿ, ಪೊಲೀಸು ಠಾಣೆಗೂ ಅಲೆದು ಬೇಸತ್ತರು. ಕಡೆಗೆ ತಂದೆಯವರು ಒಂದು ಉಪಾಯ ಹೂಡಿದರು: ಜೋಶಿ ಮಾಸ್ತರರ ಮಗನೆಂದು ಹುಡುಗನ ಅಂಗಿಯ ಮೇಲೆಯೇ ಬರೆದುಬಿಟ್ಟರು. ಅಂದಿನಿಂದ ಎಲ್ಲಿಯೇ ಮಲಗಿರಲಿ, ಕಂಡವರು ಎತ್ತಿ ತಂದು ಮನೆಗೆ ಮುಟ್ಟಿಸತೊಡಗಿದರು. ಆ ಹುಡುಗನಿಗೆ ದೊರೆತ ಮೊದಲ ಬಿರುದು ಅದೇ ಎನ್ನಬಹುದೇನೋ. ಭಾರತರತ್ನ ಬಂದದ್ದು ಎಷ್ಟೋ ವರುಷಗಳ ಮೇಲೆ, ೨೦೦೮ರಲ್ಲಿ.

ಗದುಗಿನ ಪಕ್ಕದ ಕುರ್ತಕೋಟಿಯ ಅಗಸರ ಚನ್ನಪ್ಪನವರು ಅವನ ಮೊದಲ ಗುರುಗಳು. ಭೈರವ, ಭೀಮಪಲಾಸಿಗಳು ಅಲ್ಲಿ ಕಂಠಕ್ಕೆ ಇಳಿದವು. ಆದರೆ ಅಷ್ಟರಲ್ಲಿ ಗ್ರಾಮೋಫೋನಿನ ತಟ್ಟೆಯೊಂದು ಹುಡುಗನ ತಲೆ ಕೆಡಿಸಿತ್ತು. ಅಬ್ದುಲ್ ಕರೀಂ ಖಾನರ ಝಿಂಜೋಟಿಯ ಠುಮರಿ ಅದು. ಹೀಗೆ ಹಾಡಬೇಕು, ಹೀಗೆ ಹಾಡಿಸುವ ಗುರು ಬೇಕು. ೧೯೩೩ರಲ್ಲಿ ಒಂದು ದಿನ ಮನೆ ಬಿಟ್ಟು ರೈಲುಗಾಡಿ ಏರಿದ. ಊಟದ ಎಲೆಯ ಮುಂದೆ ತುಪ್ಪದ ವಿಷಯಕ್ಕೆ ತಾಯಿಯೊಡನೆ ಆದ ಮುನಿಸೇ ನೆಪವೆಂದು ಹೇಳುವುದುಂಟು. ಕೈಯಲ್ಲಿ ಕಾಸಿಲ್ಲ. ಸಹಪ್ರಯಾಣಿಕರ ದಯೆ, ಕೊರಳಿನ ಹಾಡು, ಇವೆರಡೇ ಬುತ್ತಿ. ಪುಣೆ, ಗ್ವಾಲಿಯರ್, ಕಡೆಗೆ ಪಂಜಾಬಿನ ಜಾಲಂಧರದವರೆಗೆ ಅಲೆದ. ತಂದೆ ಅಲ್ಲಿಂದ ಹುಡುಕಿ ಕರೆತಂದರು. ಇಷ್ಟೆಲ್ಲ ಅಲೆದಾಡಿ ದೊರೆತ ಗುರುವಾದರೂ ಎಲ್ಲಿದ್ದರು? ಹುಬ್ಬಳ್ಳಿಯ ಮಗ್ಗುಲಿನ ಕುಂದಗೋಳದಲ್ಲಿ! ೧೯೩೬ರಲ್ಲಿ ಸವಾಯಿ ಗಂಧರ್ವರ ಮನೆಯ ಹೊಸ್ತಿಲು ಸಿಕ್ಕಿತು. ಮುಂದೆ ಬಾಳೆಲ್ಲ ಪುಣೆಯಲ್ಲಿ ಕಳೆಯಿತು. ದಾಸರ ಪದಗಳನ್ನು ಹಾಡುವಾಗ ಉಚ್ಚಾರದಲ್ಲಿ ಎರೆಮಣ್ಣಿನ ವಾಸನೆ ಬರುತ್ತಿತ್ತೆಂದು ಗದುಗಿನವರು ಅಭಿಮಾನದಿಂದ ಹೇಳಿಕೊಳ್ಳುವರು. ಅಭಿಮಾನದ ಜೊತೆಗೆ ಒಂದು ನೋವೂ ಉಂಟು. ಅಂಥ ಹುಡುಗನನ್ನು ಹಿಡಿದು ನಿಲ್ಲಿಸಿಕೊಳ್ಳುವ ಪಾಠಶಾಲೆ ಅಂದು ಊರಿನಲ್ಲಿರಲಿಲ್ಲ.

ಇದ್ದದ್ದೊಂದು ಪಾಠಶಾಲೆ ಚಕ್ಕಡಿಯ ಮೇಲಿತ್ತು. ಈ ಮಾತನ್ನು ಕೊಂಚ ಬಿಡಿಸಿ ಹೇಳಬೇಕು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಕಣ್ಣಿಲ್ಲದ ಕೂಸೊಂದು ಜನಿಸಿತು. ಇಟ್ಟ ಹೆಸರು ಗದಿಗೆಯ್ಯ. ಹೆಸರಿನಲ್ಲಿಯೇ ಗದುಗಿನ ನೆರಳು ಕಾಣುವುದಾದರೂ ಅದು ಆಕಸ್ಮಿಕವೆಂದೇ ತಿಳಿಯಬೇಕು. ಅವನ ಅಣ್ಣನಿಗೂ ಕಣ್ಣಿರಲಿಲ್ಲ. ಇಬ್ಬರ ಹಾಡನ್ನು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಅವರ ಸಂಗೀತಶಿಕ್ಷಣದ ಹೊಣೆ ಹೊತ್ತರು. ಗದಿಗೆಯ್ಯ ಮೈಸೂರಿನ ಕಡೆ ಕರ್ನಾಟಕ ಪದ್ಧತಿಯನ್ನೂ, ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಪದ್ಧತಿಯನ್ನೂ ಕಲಿತು ಪಂಚಾಕ್ಷರಿ ಗವಾಯಿಯಾದರು. ಎರಡು ಹೊಳೆಗಳಲ್ಲಿಯೂ ಈಜಬಲ್ಲವರು ವಿರಳ. ಆದ್ದರಿಂದ ‘ಉಭಯಗಾನ ವಿಶಾರದ’ ಎಂಬ ಬಿರುದು. ಕಲಿತ ವಿದ್ಯೆಯನ್ನು ಕುರುಡರಿಗೂ ಅನಾಥರಿಗೂ ಜಾತಿಮತವೆಣಿಸದೆ ಹಂಚುವುದಾಗಿ ಅವರು ವ್ರತ ತೊಟ್ಟರು. ೧೯೧೪ರಲ್ಲಿ ಕುಮಾರಸ್ವಾಮಿಗಳ ಪ್ರೇರಣೆಯಿಂದ ಹುಟ್ಟಿದ ಅವರ ಸಂಗೀತ ಪಾಠಶಾಲೆಗೆ ಕಟ್ಟಡವಿರಲಿಲ್ಲ. ಗುರುವೂ ಶಿಷ್ಯರೂ ತಂಬೂರಿ, ತಬಲಾ, ಹಾಸಿಗೆ, ಪಾತ್ರೆಗಳ ಸಮೇತ ಊರಿಂದೂರಿಗೆ ಸಾಗುತ್ತಿದ್ದರು. ಬರಗಾಲ ಬಂದ ವರುಷ ಊರಿನವರಿಗೇ ಅಂಬಲಿಗೆ ತತ್ವಾರ. ಹಾಡಲು ಬಂದವರ ಪಾಡು ಕೇಳುವುದೇ ಬೇಡ. ಹಾಗಿದ್ದೂ ಹುಡುಗರ ಸಂಖ್ಯೆ ಏರುತ್ತಲೇ ಹೋಯಿತು.

ಪಾಠಶಾಲೆ ಹುಟ್ಟಿದ ಅದೇ ೧೯೧೪ರ ಮಾರ್ಚಿ ೩ರಂದು, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ದೇವಗಿರಿಯಲ್ಲಿ ರೇವಣಯ್ಯ ಮತ್ತು ಸಿದ್ಧಮ್ಮ ದಂಪತಿಗಳಿಗೆ ಪುಟ್ಟಯ್ಯ ಹುಟ್ಟಿದ. ಎಳವೆಯಲ್ಲಿಯೇ ಕಣ್ಣಿನ ಬೆಳಕು ಆರಿತು. ಸೋದರಮಾವ ಚಂದ್ರಶೇಖರಯ್ಯನವರು ಅವನನ್ನು ಸಾಕಿದರು. ಮನೆಯಲ್ಲಿದ್ದ ಹಾರ್ಮೋನಿಯಂನ ಮೇಲೆ ಹುಡುಗ ತಾನಾಗಿಯೇ ಬೆರಳಾಡಿಸಿ ಸ್ವರ ಹುಡುಕುವುದನ್ನು ಕೇಳಿದ ಮಾವ ಅವನನ್ನು ಕೈಹಿಡಿದು ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದುತಂದರು. ಕಣ್ಣಿಲ್ಲದ ಗುರು, ಕಣ್ಣಿಲ್ಲದ ಶಿಷ್ಯ. ತಾಳವನ್ನು ತೊಡೆಯ ಮೇಲೆ ತಟ್ಟಿ, ಬೆರಳನ್ನು ಬೆರಳಿನಿಂದ ಹಿಡಿದು ತಂತಿಯ ಮೇಲಿಟ್ಟು ಕಲಿಸಬೇಕು. ಕಲಿತದ್ದೆಲ್ಲ ನೆನಪಿನಲ್ಲಿಯೇ ನಿಲ್ಲಬೇಕು. ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು ಹೀಗೆ ವಾದ್ಯಗಳು ಒಂದೊಂದಾಗಿ ಪುಟ್ಟಯ್ಯನಿಗೆ ವಶವಾದವು.

ಊರೂರು ಸುತ್ತಿದ ಪಾಠಶಾಲೆ ಕಡೆಗೆ ಗದುಗಿನಲ್ಲಿ ನೆಲೆಯೂರಿತು. ಊರಿನ ದಾನಿಗಳಾದ ಬಸರಿಗಿಡದ ವೀರಪ್ಪನವರು ಎಡೆ ಕೊಟ್ಟರು. ಅಲ್ಲಿ ಎದ್ದು ನಿಂತದ್ದೇ ವೀರೇಶ್ವರ ಪುಣ್ಯಾಶ್ರಮ. ೧೯೪೪ರ ಜೂನ್ ೧೧ರಂದು ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದಲ್ಲಿ ಉಳಿದದ್ದು ಕಣ್ಣಿಲ್ಲದ ಮಕ್ಕಳು ಮತ್ತು ಬರಿದಾದ ಕಣಜ. ಮೂವತ್ತು ವರುಷದ ಪುಟ್ಟರಾಜರ ಹೆಗಲಿಗೆ ಆ ಭಾರ ಬಿದ್ದಿತು. ಇಳಿಸಿದ್ದು ಅರವತ್ತಾರು ವರುಷಗಳ ಮೇಲೆ, ಉಸಿರು ನಿಂತಾಗ.

ಇಷ್ಟು ಬಾಯಿಗಳಿಗೆ ಅನ್ನ ತರುವ ಬಗೆ ಯಾವುದು? ಗವಾಯಿಗಳು ನಾಟಕ ಸಂಘವನ್ನೇ ಕಟ್ಟಿದರು. ಶಾಂತಕವಿಗಳ ಊರಿನಲ್ಲಿ ಅದಕ್ಕೆ ಮೈಲಿಗೆಯೇನೂ ಇರಲಿಲ್ಲ. ಕುಮಾರೇಶ್ವರರ ಹೆಸರು ಹೊತ್ತ ಆ ಸಂಘಕ್ಕೆ ಅವರೇ ನಾಟಕ ಬರೆದರು, ಅವರೇ ಮಟ್ಟು ಹಾಕಿದರು. ಹೇಮರೆಡ್ಡಿ ಮಲ್ಲಮ್ಮನ ನಾಟಕವನ್ನು ನೋಡಲು ಹಳ್ಳಿಯ ಹೆಂಗಸರು ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಸಂಸಾರದ ಉರಿಯನ್ನು ನುಂಗಿ ನಗುವ ಮಲ್ಲಮ್ಮ ರಂಗದ ಮೇಲೆ ಅತ್ತರೆ ಕೆಳಗೆ ಸೆರಗುಗಳು ತೊಯ್ಯುತ್ತಿದ್ದವು, ಅತ್ತ ಆಶ್ರಮದಲ್ಲಿ ಒಲೆ ಉರಿಯುತ್ತಿತ್ತು. ಕಂಪನಿ ನಾಟಕವೆಂದರೆ ಮೂಗು ಮುರಿಯುವ ಸಂಗೀತಜ್ಞರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಮುಂದೆ ತುಲಾಭಾರಗಳ ಕಾಲ ಬಂದಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಕಾವಿಯುಟ್ಟ ಅಜ್ಜನವರು, ಇನ್ನೊಂದರಲ್ಲಿ ನಾಣ್ಯವೋ ದವಸಧಾನ್ಯವೋ ಬೆಲ್ಲವೋ ಊರಿಗೆ ಎಟುಕಿದ್ದು. ತೂಗಿದ್ದೆಲ್ಲ ಆಶ್ರಮದ ಕಣಜಕ್ಕೆ. ಇಷ್ಟು ಸಾರಿ ತೂಗಿಸಿಕೊಂಡ ಮನುಷ್ಯ ನಾಡಿನಲ್ಲಿ ಇನ್ನೊಬ್ಬನಿರಲಾರ. ಭಕ್ತರು ಅವರನ್ನು ‘ನಡೆದಾಡುವ ದೇವರು’ ಎಂದರು. ಆದರೆ ಹಳ್ಳಿಯ ನಾಲಗೆಗೆ ಅಷ್ಟು ಉದ್ದದ ಬಿರುದು ಸಲೀಸಾಗಿ ಬಾರದು. ‘ಅಜ್ಜ’ ಎಂಬ ಎರಡೇ ಅಕ್ಷರ ಅದಕ್ಕೆ ಸಾಕಾಯಿತು.

ಮುದ್ರಣ ಕಾಶಿಗೂ ಈ ಅಜ್ಜನವರಿಗೂ ಇದ್ದ ನಂಟಿನಲ್ಲಿ ಒಂದು ಸೋಜಿಗವುಂಟು. ಊರೆಲ್ಲ ಮಸಿಯ ವಾಸನೆ, ಓಣಿ ಓಣಿಯಲ್ಲಿ ಅಚ್ಚಿನ ಯಂತ್ರದ ಸದ್ದು. ಅದೇ ಊರಿನಲ್ಲಿ ಮಸಿಯ ಅಗತ್ಯವೇ ಇಲ್ಲದೆ ಒಬ್ಬರು ಪುಟಗಟ್ಟಲೆ ಬರೆಯುತ್ತಿದ್ದರು. ದಪ್ಪ ಕಾಗದದ ಮೇಲೆ ಮೊನೆಯಿಂದ ಚುಚ್ಚಿ ಎಬ್ಬಿಸಿದ ಚುಕ್ಕೆಗಳೇ ಬ್ರೈಲ್ ಲಿಪಿಯ ಅಕ್ಷರಗಳು. ಆರು ಚುಕ್ಕೆಗಳ ಆಟದಲ್ಲಿ ಕನ್ನಡವೂ ಬರುವುದು, ಸಂಸ್ಕೃತವೂ ಬರುವುದು. ಗವಾಯಿಗಳು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಕೃತಿಗಳನ್ನು ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು. ಬಸವಪುರಾಣವನ್ನು ಹಿಂದಿಯಲ್ಲಿ ಬರೆದರು. ಊರಿನ ಅಚ್ಚುಮೊಳೆಗಳಾದರೋ ಇಂದು ಬಹುಮಟ್ಟಿಗೆ ಮೂಲೆ ಸೇರಿವೆ. ಗಣಕಯಂತ್ರ ಬಂದ ಮೇಲೆ ಮೊಳೆ ಜೋಡಿಸುವ ಕೈಗಳಿಗೆ ಕೆಲಸವಿಲ್ಲ. ಬೆರಳಿನಿಂದ ಅಕ್ಷರವನ್ನು ಮುಟ್ಟುವ ವಿದ್ಯೆ ಈ ಊರಿನಲ್ಲಿ ಉಳಿದಿರುವುದು ಕುರುಡು ಮಕ್ಕಳಲ್ಲಿಯೇ ಎನ್ನಬೇಕು.

ಹೊರಗಿನಿಂದ ಬಂದವರನ್ನು ತನ್ನವರನ್ನಾಗಿ ಮಾಡಿಕೊಳ್ಳುವ ಈ ಗುಣ ಗದುಗಿಗೆ ಹೊಸದೇನೂ ಅಲ್ಲ. ಪೇಟೆಯ ಗದ್ದಲದಿಂದ ವೀರನಾರಾಯಣ ಗುಡಿಯ ಒಳಗೆ ಕಾಲಿಟ್ಟರೆ ಅಲ್ಲೊಂದು ಕಂಬವನ್ನು ತೋರಿಸುವರು. ಮಿಂದು ಬಂದ ಕುಮಾರವ್ಯಾಸ ಅದಕ್ಕೊರಗಿ ಕುಳಿತು, ಉಟ್ಟ ಬಟ್ಟೆ ಆರುವವರೆಗೆ ಭಾರತ ಹಾಡುತ್ತಿದ್ದನಂತೆ. ಅವನ ಹುಟ್ಟೂರು ಕೋಳಿವಾಡ. ಅವನ ಕಾವ್ಯಕ್ಕೆ ಪಂಡಿತರಿಟ್ಟ ಉದ್ದನೆಯ ಹೆಸರೊಂದಿದೆ. ಆದರೆ ಜನ ಅದನ್ನು ಕರೆಯುವುದು ‘ಗದುಗಿನ ಭಾರತ’ವೆಂದು. ಕೋಳಿವಾಡದವರಿಗೆ ಇದು ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ. ದೇವಗಿರಿಗೂ ಕಾಡಶೆಟ್ಟಿಹಳ್ಳಿಗೂ ಅದೇ ನ್ಯಾಯ.

ಗವಾಯಿಗಳ ಊರಿನ ಎಲ್ಲೆ ಎಲ್ಲಿಯವರೆಗೆ ಎಂದು ತಿಳಿಯಬೇಕಾದರೆ ಗದುಗಿನ ನಾಕಾದಲ್ಲಿಯೇ ನಿಂತರಾಗದು. ದಕ್ಷಿಣದ ಬಸ್ಸು ಹಿಡಿಯಬೇಕು. ಹೊರಡುವ ಮುನ್ನ ಮಂಡಕ್ಕಿಯ ವಗ್ಗರಣಿ, ಮಿರ್ಚಿ ಭಜಿಗಳಿಗೆ ನ್ಯಾಯ ಸಲ್ಲಿಸುವುದು ಒಳ್ಳೆಯದು. ದಾರಿ ಸುಮಾರು ೪೦ ಕಿಲೋಮೀಟರಿನದು.

ಲಕ್ಷ್ಮೇಶ್ವರವೂ ಬಿರುದುಗಳ ಊರೇ. ಇದು ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಗುರುತಿಸಿತು. ತನ್ನ ಭಾರತವನ್ನು ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ಪಂಪನೇ ಹೇಳಿಕೊಂಡಿರುವನು. ಇಂಥ ಊರು ಮುಂದೆ ಸ್ವಾತಂತ್ರ್ಯ ಬರುವವರೆಗೂ ಮರಾಠಿ ಆಡಳಿತದ ಮಿರಜ ಸಂಸ್ಥಾನಕ್ಕೆ ಸೇರಿತ್ತೆಂಬುದು ಇತಿಹಾಸದ ಚೇಷ್ಟೆ. ಮಿರಜವೆಂದರೆ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು, ಪಂಚಾಕ್ಷರಿ ಗವಾಯಿಗಳ ಹಿಂದುಸ್ತಾನಿ ಗುರುಗಳ ಊರು. ತಿರುಳ್ಗನ್ನಡದ ನಾಡಿಗೆ ಖಯಾಲು ಬಂದ ಹಾದಿಯನ್ನು ಹುಡುಕುವವರು ಆ ದಿಕ್ಕಿಗೂ ಒಮ್ಮೆ ನೋಡಬೇಕು.

ಸೋಮೇಶ್ವರನ ಗುಡಿ ಎತ್ತರದ ಕೋಟೆಗೋಡೆಯ ಒಳಗಿದೆ. ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಅಪರೂಪದ ಮೂರ್ತಿ ಅಲ್ಲಿಯದು. ಶಂಖಬಸದಿಯೂ ಆದಿಲಶಾಹಿ ಕಾಲದ ಜುಮ್ಮಾ ಮಸೀದಿಯೂ ನಡಿಗೆಯ ದೂರದಲ್ಲಿವೆ. ಗುಡಿಯ ಜೀರ್ಣೋದ್ಧಾರವಾದ ಮೇಲೆ ಇಲ್ಲಿ ನಡೆಯತೊಡಗಿದ ಸಂಗೀತ ನೃತ್ಯಗಳ ಹಬ್ಬಕ್ಕೆ ‘ಪುಲಿಗೆರೆ ಉತ್ಸವ’ವೆಂಬ ಹೆಸರನ್ನೇ ಇಟ್ಟರು. ಹಳೆಯ ಹೆಸರು ಮತ್ತೊಮ್ಮೆ ಹಾಡಿನ ನೆಪದಲ್ಲಿಯೇ ಎದ್ದು ಬಂದಿತು.

ಅಲ್ಲಿಂದ ಶಿರಹಟ್ಟಿಗೆ ಹೋಗುವ ದಾರಿಯಲ್ಲಿ ಮಾಗಡಿಯ ಕೆರೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹಗಲು ನೀರಿನಲ್ಲಿ ತೇಲಾಡಿ, ಸುತ್ತಲಿನ ಹೊಲಗಳ ಕಾಳುಕಡಿಯ ಮೇಲೆ ಬಾಳುವುವು. ಬೆಳೆ ತಿನ್ನುವ ಹಕ್ಕಿಯೆಂದು ರೈತ ಗೊಣಗುವನು, ಕವಣೆಯನ್ನು ಮಾತ್ರ ಎತ್ತನು. ೨೦೨೪ರಲ್ಲಿ ಈ ಕೆರೆಗೆ ಜಗತ್ತಿನ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು.

ಶಿರಹಟ್ಟಿಯ ಬಿರುದು ಭಾವೈಕ್ಯದ್ದು. ಫಕೀರೇಶ್ವರ ಮಠದ ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಕೂಡಿರುವರು. ನಾಟಕದವರ ನೆನಪಿನಲ್ಲಿ ಈ ಊರಿಗೆ ಇನ್ನೊಂದು ಮುಖವುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೆಂಕೋಬರಾಯರು ಕಟ್ಟಿದ ಮಹಾಲಕ್ಷ್ಮಿ ಪ್ರಾಸಾದಿಕ ನಾಟಕ ಮಂಡಳಿಯ ಉದ್ದನೆಯ ಹೆಸರನ್ನು ಪ್ರೇಕ್ಷಕರು ಬಳಸಲಿಲ್ಲ; ‘ಶಿರಹಟ್ಟಿ ಕಂಪನಿ’ ಎಂದುಬಿಟ್ಟರು. ಕನ್ನಡಕ್ಕೆ ರಂಗಗೀತೆಗಳ ರುಚಿ ಹತ್ತಿಸಿದ ತಂಡಗಳಲ್ಲಿ ಅದೂ ಒಂದು. ಪುಟ್ಟರಾಜರು ನಾಟಕ ಸಂಘ ಕಟ್ಟಿದಾಗ ಈ ಸೀಮೆಯ ಕಿವಿಗಳು ಅದಕ್ಕೆ ಆಗಲೇ ಹದವಾಗಿದ್ದವು.

ಶಿರಹಟ್ಟಿಯಿಂದ ಮುಂಡರಗಿಗೆ ಹೋಗುವಾಗ ಕಪ್ಪತಗುಡ್ಡ ಪಕ್ಕದಲ್ಲಿಯೇ ಜೊತೆಗೂಡುವುದು. ಕೆಮ್ಮಣ್ಣಿನ ಇಳಿಜಾರು, ಔಷಧದ ಗಿಡಮೂಲಿಕೆ, ನೆತ್ತಿಯ ಮೇಲೆ ಗಾಳಿಯಂತ್ರಗಳು. ‘ಉತ್ತರ ಕರ್ನಾಟಕದ ಸಹ್ಯಾದ್ರಿ’ ಎಂಬ ಬಿರುದು ಇದರದು. ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಮುಂಡರಗಿಯ ಹೆಸರನ್ನು ಇತಿಹಾಸಕ್ಕೆ ಸೇರಿಸಿದವನು ೧೮೫೮ರಲ್ಲಿ ಕೊಪ್ಪಳದ ಕೋಟೆಯಲ್ಲಿ ಇಂಗ್ಲಿಷರೊಡನೆ ಕಾದಿ ಮಡಿದ ಭೀಮರಾಯ. ‘ಮುಂಡರಗಿ ಭೀಮರಾಯ’ ಎಂದೇ ಅವನ ಪ್ರಸಿದ್ಧಿ. ಒಬ್ಬ ಭೀಮನಿಗೆ ಊರಿನ ಹೆಸರು ಸಾವಿನಲ್ಲಿಯೂ ಅಂಟಿಕೊಂಡಿತು, ರೈಲು ಏರಿದ ಇನ್ನೊಬ್ಬ ಭೀಮನಿಗೆ ಅಂಟಲಿಲ್ಲ.

ಈ ದಾರಿಗಳ ಇಕ್ಕೆಲದ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಗುಡಿಯ ಕಟ್ಟೆಗೆ ಬಂದು ಕುಳಿತರೆ ಗವಾಯಿಗಳ ಊರಿನ ವಿಸ್ತಾರ ಕಿವಿಗೆ ಬೀಳುವುದು. ಭಜನೆಯವರ ನಡುವೆ ಹಾರ್ಮೋನಿಯಂ ಹಿಡಿದವನನ್ನು ಮಾತಿಗೆಳೆದರೆ ಒಂದಲ್ಲ ಒಂದು ಎಳೆ ಆಶ್ರಮಕ್ಕೆ ಮುಟ್ಟುವುದು. ಅಲ್ಲಿ ಕಲಿತವನೋ, ಅಲ್ಲಿ ಕಲಿತವರಲ್ಲಿ ಕಲಿತವನೋ ಆಗಿರುವನು. ಪುರಾಣಕ್ಕೆ ತಬಲಾ ಬಾರಿಸುವವರು, ಶಾಲೆಗಳಲ್ಲಿ ಸಂಗೀತ ಕಲಿಸುವವರು, ಕೀರ್ತನಕಾರರು ಹೀಗೆ ಆಶ್ರಮದ ಮಕ್ಕಳು ನಾಡಿನಲ್ಲಿ ಹರಡಿಕೊಂಡರು. ದೊಡ್ಡ ಹೆಸರುಗಳಿಗೂ ಕೊರತೆಯಿಲ್ಲ. ೧೯೩೬ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಪಂಚಾಕ್ಷರಿ ಗವಾಯಿಗಳು ತಾವೇ ತಬಲಾ ಹಿಡಿದು ಸಭೆಯ ಮುಂದೆ ಹಾಡಿಸಿದ ತರುಣನೇ ಬಸವರಾಜ ರಾಜಗುರು. ಬಳ್ಳಾರಿಯ ಕಡೆಯ ಲಕ್ಷ್ಮೀಪುರದ ಎಂ. ವೆಂಕಟೇಶಕುಮಾರರನ್ನು ಬಾಲ್ಯದಲ್ಲಿ ಪುಟ್ಟರಾಜರ ಬಳಿಗೆ ತಂದು ಬಿಟ್ಟವರು ಸೋದರಮಾವ ಬೆಳಗಲ್ಲು ವೀರಣ್ಣನವರು. ಪುಟ್ಟಯ್ಯನನ್ನು ತಂದವರೂ ಸೋದರಮಾವನೇ ಅಲ್ಲವೇ? ೨೦೧೬ರಲ್ಲಿ ಪದ್ಮಶ್ರೀ ಪಡೆದ ವೆಂಕಟೇಶಕುಮಾರರ ಕೊರಳಿಗೆ ಕಣ್ಣಿನ ಕೊರತೆಯಿರಲಿಲ್ಲ, ಮನೆಯಲ್ಲಿ ಅನುಕೂಲದ ಕೊರತೆಯಿತ್ತು. ಆಶ್ರಮ ಎರಡು ಬಗೆಯ ಬಡವರಿಗೂ ಎಲೆ ಹಾಕಿತು. ಪಂಚಾಕ್ಷರಿ ಗವಾಯಿಗಳ ಬಾಳು ೧೯೯೫ರಲ್ಲಿ ಚಲನಚಿತ್ರವಾಗಿ, ಅದರ ಸಂಗೀತಕ್ಕೆ ಹಂಸಲೇಖರಿಗೂ, ಹಾಡಿದ್ದಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತು.

೨೦೧೦ರಲ್ಲಿ ಪುಟ್ಟರಾಜ ಗವಾಯಿಗಳಿಗೆ ಪದ್ಮಭೂಷಣ ಸಂದಿತು. ಅದೇ ವರುಷದ ಸೆಪ್ಟೆಂಬರ್ ೧೭ರಂದು, ತೊಂಬತ್ತಾರರ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಗದುಗಿನ ಬೀದಿಗಳು ಅಂದು ಕಂಡ ಜನಸಾಗರವನ್ನು ಊರು ಹಿಂದೆಂದೂ ಕಂಡಿರಲಿಲ್ಲ. ಬಸ್ಸು, ಟ್ರಾಕ್ಟರು, ರೈಲು, ಸಿಕ್ಕಿದ್ದನ್ನು ಏರಿ ಹಳ್ಳಿಗಳು ಖಾಲಿಯಾಗಿ ಬಂದವು. ಗುರುವಿನ ಮಗ್ಗುಲಲ್ಲಿ, ಆಶ್ರಮದ ಅಂಗಳದಲ್ಲಿಯೇ ಅವರಿಗೆ ಸಮಾಧಿಯಾಯಿತು. ಇದಾಗಿ ನಾಲ್ಕು ತಿಂಗಳು ಒಂದು ವಾರ ಕಳೆಯುವುದರಲ್ಲಿ, ೨೦೧೧ರ ಜನವರಿ ೨೪ರಂದು, ಭೀಮಸೇನ ಜೋಶಿಯವರು ಪುಣೆಯಲ್ಲಿ ತೀರಿಕೊಂಡರು. ಅವರ ಚಿತೆ ಅಲ್ಲಿಯೇ ಉರಿಯಿತು. ಗದುಗಿನಲ್ಲಿ ಆ ದಿನ ಮಾತನಾಡಿಕೊಂಡವರು ಎಷ್ಟೋ ಮಂದಿ ಜೋಶಿ ಮಾಸ್ತರರ ಮಗನ ಅಂಗಿಯ ಕಥೆಯನ್ನೇ ನೆನೆದಿರಬೇಕು. ಹೆಸರು ಬರೆದ ಅಂಗಿ ತೊಟ್ಟವನನ್ನು ಎಲ್ಲಿ ಮಲಗಿದ್ದರೂ ಎತ್ತಿ ತಂದು ಮನೆಗೆ ಮುಟ್ಟಿಸುತ್ತಿದ್ದ ಊರವರು ಈ ಸಾರಿ ಹಾಗೆ ಮಾಡುವಂತಿರಲಿಲ್ಲ.

ಮುಂಡರಗಿಯಿಂದ ಡಂಬಳದ ಮೇಲೆ ಹಾದು, ನಕ್ಷತ್ರದಂತೆ ಮೂಲೆಮೂಲೆಯಾಗಿ ಕಡೆದ ದೊಡ್ಡಬಸಪ್ಪನ ಗುಡಿಯನ್ನು ನೋಡಿಕೊಂಡು ಬರುವ ಪ್ರವಾಸಿಕ ಮತ್ತೆ ಗದುಗು ಸೇರುವಾಗ ಹೊತ್ತು ಮುಳುಗಿರುವುದು. ಪುಣ್ಯಾಶ್ರಮದಲ್ಲಿ ಅದು ಅಭ್ಯಾಸದ ಹೊತ್ತು. ಒಂದು ಮೂಲೆಯಲ್ಲಿ ಯಮನ್, ಇನ್ನೊಂದರಲ್ಲಿ ಭೂಪ, ಕಟ್ಟೆಯ ಮೇಲೆ ತೀನತಾಲದ ಬೋಲು, ಆಚೆ ಪಿಟೀಲಿನ ಮೇಲೆ ತಪ್ಪುತ್ತ ತಡಕುತ್ತ ಸರಳೆವರಸೆ. ಹೊಸದಾಗಿ ಕೇಳುವವರಿಗೆ ಇದು ಸಂತೆಯ ಗದ್ದಲ. ಒಳಗಿನ ಮಕ್ಕಳಿಗೆ ಮಾತ್ರ ತಮ್ಮ ತಮ್ಮ ಶ್ರುತಿ ತಪ್ಪುವುದಿಲ್ಲ. ಊಟದ ಗಂಟೆ ಬಾರಿಸಿತೆಂದರೆ ವಾದ್ಯಗಳನ್ನು ತಡವಿ ಅವುಗಳ ಜಾಗದಲ್ಲಿಟ್ಟು, ಮುಂದಿನವನ ಹೆಗಲ ಮೇಲೆ ಕೈಯಿಟ್ಟು, ಸಾಲಾಗಿ ಅಡುಗೆಮನೆಯ ಕಡೆಗೆ ನಡೆಯುವರು. ಜೋಳದ ರೊಟ್ಟಿ ಬಡಿಯುವ ಸದ್ದಿನಲ್ಲಿಯೂ ಒಬ್ಬಿಬ್ಬರು ತಾಳ ಹಾಕುತ್ತಿರುವರು.